ಅನ್ನಮ್ಮನ ಉಡಿ

ಸಂತಳಿಗೆ ಇಲಕಲ್ ಸೀರೆ ಯಾಕೆ ಉಡಿಸುತ್ತೀರಿ ಎಂದು ಕೇಳುವವರು ಇಂದಿಗೂ ಇದ್ದಾರೆ. ಮೊದಮೊದಲು ಕೂತು ತಿಳಿಸಿ ಹೇಳುತ್ತಿದ್ದೆ. ಈಗ ಮರಳಿ ಕೇಳುತ್ತೇನೆ: ಕ್ಯಾಲೆಂಡರಿನಲ್ಲಿ ಆಕೆ ಹೊದ್ದಿರುವ ಆ ಹಸಿರು ಶಾಲನ್ನು ಯಾರು ಕೊಡಿಸಿದ್ದು, ನಿಮಗೆ ಗೊತ್ತೇ? ಗೊತ್ತಿಲ್ಲ. ಯಾವನೋ ದೂರದ ದೇಶದವನು ತನ್ನ ಓಣಿಯ ಹೆಂಗಸರನ್ನು ನೋಡಿ ಬರೆದ. ನಾನು ನನ್ನ ಮನೆಯವರನ್ನು ನೋಡಿ ಬರೆಯುತ್ತೇನೆ. ಅವನಿಗೆ ಇದ್ದ ಅಧಿಕಾರ ನನಗೆ ಯಾಕಿಲ್ಲ? ಪುಣೆಯ ಕೋಥರೂಡದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಸಂತರನ್ನು ಬರೆಯುವ, ಮಂಡಿನೋವಿನ ಈ ಮುದುಕಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಅದು ನಿಗಡಿಯ ಎರಡು ಖೋಲಿಯ ಮನೆಯಿಂದ ಬಂತು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಬಿಳಿ ಬಣ್ಣದ ಒಂದು ಡಬ್ಬಿಯಿಂದ ಬಂತು.

ಅಪ್ಪ ಇನ್ನಾಸಪ್ಪ ಅಂಗಡಿಗಳ ಬೋರ್ಡು ಬರೆಯುವವನು. ಮುಂದಿನ ಖೋಲಿಯ ಗೋಡೆಗೆ ಯಾವಾಗಲೂ ತಗಡುಗಳು ಆನಿಸಿ ನಿಂತಿರುತ್ತಿದ್ದವು. ಒಂದರ ಮೇಲೆ ಕಿರಾಣಿ ಅಂಗಡಿಯ ಅರ್ಧ ಹೆಸರು, ಇನ್ನೊಂದರ ಮೇಲೆ ಕೈಕಾಲಿಲ್ಲದ ಪೈಲವಾನ. ನಾವು ಅವುಗಳ ನಡುವೆ ಚಾಪೆ ಹಾಸಿ ಉಣ್ಣುತ್ತಿದ್ದೆವು. ನಮ್ಮ ಜೋಳದ ರೊಟ್ಟಿಗೂ ಪುಂಡಿಪಲ್ಯಕ್ಕೂ ಒಂದಿಷ್ಟು ಟರ್ಪೆಂಟೈನಿನ ವಾಸನೆ ಇರುತ್ತಿತ್ತು. ಅದಿಲ್ಲದ ಊಟ ನನಗೆ ಇವತ್ತಿಗೂ ಸಪ್ಪೆ. ಹಿಂದಿನ ಖೋಲಿ ಅಡುಗೆಯದು, ಅವ್ವ ಮತ್ತು ಅಜ್ಜಿಯದು. ಅವ್ವನ ಹೆಸರು ಲೂರ್ದವ್ವ. ನಾವು ಮುದಗಲ್ಲಿನ ಕಡೆಯ ಕ್ಯಾಥೊಲಿಕ್ಕರು, ತಲೆತಲಾಂತರದಿಂದ ಕನ್ನಡದಲ್ಲೇ ಜಪಮಾಲೆ ಹೇಳಿಕೊಂಡು ಬಂದವರು. ಆದರೆ ಪುಣೆಯಲ್ಲಿ ನಮ್ಮನ್ನು ಎಲ್ಲಿ ಇಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಓಣಿಯವರಿಗೆ ನಾವು ಚರ್ಚಿನವರು. ಚರ್ಚಿನಲ್ಲಿ ಗೋವೆಯವರ ಗಿಟಾರು, ಇಂಗ್ಲಿಷು, ಮರಾಠಿ ಹಾಡು. ಅವರ ನಡುವೆ ಸೆರಗು ಹೊದ್ದು ನೆಲದ ಮೇಲೆ ಕೂರುವ ನಮ್ಮವರನ್ನು ಕಂಡರೆ ಅವರು ಬಾಗಿಲ ಹತ್ತಿರ ಜಾಗ ತೋರಿಸುತ್ತಿದ್ದರು. ನಮ್ಮವರೂ ಹೋಗಿ ಅಲ್ಲೇ ಕೂರುತ್ತಿದ್ದರು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಮನೆಯಲ್ಲಿ ಅವ್ವ ಮತ್ತು ಅಜ್ಜಿ ಒಬ್ಬರಿಗೊಬ್ಬರು ನೇರವಾಗಿ ಮಾತಾಡುತ್ತಿರಲಿಲ್ಲ. ಮಾತಾಡುತ್ತಿದ್ದದ್ದು ನನ್ನ ಮುಖಾಂತರ. ಅಜ್ಜಿ ಒಲೆಯ ಈಚೆ, ಅವ್ವ ಆಚೆ, ನಡುವೆ ನಾನು.

"ಅನ್ನೀ, ನಿಮ್ಮ ಅಜ್ಜಿಗೆ ಹೇಳು, ಶೇಂಗಾಹಿಂಡಿ ಮುಗದದ."

"ಅನ್ನೀ, ನಿಮ್ಮವ್ವಗ ಹೇಳು, ನನ್ನ ಕಿವಿ ಇನ್ನೂ ನೆಟ್ಟಗ ಅದಾವ."

ಈ ಮೌನಕ್ಕೆ ಕಾರಣ ನಾನು ಹುಟ್ಟುವುದಕ್ಕಿಂತ ಹಿಂದಿನದು. ಅವ್ವನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಆಗ ಅಪ್ಪನ ತಂಗಿಯ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಮಡಿಲಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬುವ ಶಾಸ್ತ್ರ. ಏಸುವನ್ನು ನಂಬಿದ ಮಾತ್ರಕ್ಕೆ ನಮ್ಮ ಹಳ್ಳಿಯವರು ಈ ಶಾಸ್ತ್ರಗಳನ್ನು ಬಿಟ್ಟಿರಲಿಲ್ಲ. ಮಂತ್ರದ ಜಾಗದಲ್ಲಿ ಜಪಮಾಲೆ ಬಂದಿತ್ತು, ಅಷ್ಟೇ. ಶಾಸ್ತ್ರದ ಜೊತೆ ಅದರ ಮುಳ್ಳುಗಳೂ ಉಳಿದಿದ್ದವು. ಬಂಜೆ ಉಡಿ ತುಂಬಬಾರದು, ವಿಧವೆ ಎದುರಿಗೇ ಬರಬಾರದು. ಅಂದು ಅವ್ವ ಆಸೆಯಿಂದ ಅಕ್ಕಿಯ ತಟ್ಟೆ ಹಿಡಿದು ನಿಂತಿದ್ದಳಂತೆ. ಅಜ್ಜಿ ಬಂದು ಆ ತಟ್ಟೆ ಕಸಿದುಕೊಂಡು, ಸೊಸೆಯ ರಟ್ಟೆ ಹಿಡಿದು ಅಡುಗೆಮನೆಗೆ ನೂಕಿ ಬಾಗಿಲು ಹಾಕಿದಳು. ಹಾಕಿ, ತಾನೂ ಒಳಗೇ ಕೂತಳು. ಅಜ್ಜ ತೀರಿಹೋಗಿ ಆಗಲೇ ಎಷ್ಟೋ ಕಾಲವಾಗಿತ್ತಲ್ಲ. ಹೊರಗೆ ಸೋಬಾನದ ಹಾಡು, ಒಳಗೆ ಇಬ್ಬರೂ ತಲೆ ತಗ್ಗಿಸಿ ಹೋಳಿಗೆ ಲಟ್ಟಿಸಿದರು. ಆಮೇಲೆ ಅವ್ವ ಮಾತೆ ಮರಿಯಮ್ಮನ ತಾಯಿಯಾದ ಸಂತ ಅನ್ನಮ್ಮನಿಗೆ ಹರಕೆ ಹೊತ್ತಳು, ನಾನು ಹೊಟ್ಟೆಗೆ ಬಂದೆ. ನನ್ನ ಹೆಸರು ಅನ್ನವ್ವ ಆಗಿದ್ದು ಹಾಗೆ. ಅವ್ವನ ಕುಬಸದ ದಿನ ನೆರೆಯ ಮುತ್ತೈದೆಯರು ತಟ್ಟೆ ಹಿಡಿದು ಬಂದರೆ ಅವಳು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳಂತೆ.

"ಬರಿ ಉಡಿ ಇದ್ದಾಗ ತುಂಬಲಾರದವ್ರು, ತುಂಬಿದ ಉಡಿಗೆ ಯಾಕ ಬಂದ್ರಿ? ಹೋಗ್ರಿ ನಿಮ್ಮ ನಿಮ್ಮ ಮನಿಗೆ."

ಅಂದಿನಿಂದ ಯಾರು ಕರೆದರೂ ಅವ್ವ ಉಡಿ ತುಂಬಿಸಿಕೊಳ್ಳಲು ಹೋದವಳಲ್ಲ. ಅಜ್ಜಿ ಇದನ್ನು ತನ್ನ ಮುಖಕ್ಕೆ ಉಗುಳಿದ ಹಾಗೆ ತಿಳಿದಳು. ಇಬ್ಬರೂ ಹಟಮಾರಿಗಳು, ಕಲ್ಲಿಗೆ ಕಲ್ಲು.

ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ವರ್ಷ ಚರ್ಚಿನಲ್ಲಿ ಒಂದು ಹೊಸ ಏರ್ಪಾಡಾಯಿತು. ಅನ್ನಮ್ಮನ ಹಬ್ಬಕ್ಕೆ ಮುಂಚಿನ ನವದಿನದ ಪ್ರಾರ್ಥನೆಯಲ್ಲಿ ಒಂದೊಂದು ಭಾಷೆಯವರಿಗೆ ಒಂದೊಂದು ದಿನ. ಕನ್ನಡದವರಿಗೂ ಒಂದು ದಿನ ಸಿಕ್ಕಿತು. ಅದನ್ನು ಕೊಡಿಸಿದವರು ಚೌರಪ್ಪ ಕಾಕಾ. ಅವರು ಆಫೀಸಿನಲ್ಲಿ ಕ್ಲರ್ಕು, ಇಸ್ತ್ರಿ ಅಂಗಿ, ನಮ್ಮವರಲ್ಲಿ ಇಂಗ್ಲಿಷಿನಲ್ಲಿ ಫಾದರ್ ಜೊತೆ ಮಾತಾಡಬಲ್ಲವರು ಅವರೊಬ್ಬರೇ. ಅವರು ಅಪ್ಪನ ಹತ್ತಿರ ಬಂದು ಪೀಠದ ಪಕ್ಕದಲ್ಲಿ ನಿಲ್ಲಿಸಲು ಅನ್ನಮ್ಮನ ದೊಡ್ಡ ಚಿತ್ರ ಬೇಕೆಂದರು. ಕ್ಯಾಲೆಂಡರನ್ನೂ ಕೊಟ್ಟರು. ಅದರಲ್ಲಿ ಅನ್ನಮ್ಮ ಬಾಲಕಿ ಮರಿಯಳಿಗೆ ಪುಸ್ತಕ ಓದಿಸುತ್ತಿದ್ದಾಳೆ. ಇಬ್ಬರೂ ಕೆಂಪು ಕೆನ್ನೆಯ ಬಿಳಿಯರು.

ಅಪ್ಪ ದೊಡ್ಡ ಪ್ಲೈವುಡ್ ಹಲಗೆ ನಿಲ್ಲಿಸಿ, ಮೊದಲಿನ ಲೇಪ ಕೊಟ್ಟು, ಮುಖದ ಗೆರೆ ಎಳೆಯತೊಡಗಿದ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಇಕಿ ಯಾರ ಪೈಕಿ ಹೆಣ್ಣಮಗಳ್ರೀ? ನಮ್ಮ ಕಡೆ ಬಿಸಲಾಗ ಒಂದು ದಿನ ನಿಂತ್ರ ಈ ಬಣ್ಣಾ ಉಳೀತದೇನು?"

"ಕ್ಯಾಲೆಂಡರದಾಗ ಹಂಗಽ ಅದ ಲೂರ್ದಿ."

"ಕ್ಯಾಲೆಂಡರಿಗೆ ಹರಕಿ ಹೊತ್ತಿದ್ನೇನು ನಾನು? ಮುಖಾ ನೀವು ಬರೀರಿ. ಸೀರಿ ನಾ ಬರೀತೀನಿ."

ಅವ್ವ ಕಸೂತಿ ಹಾಕುವವಳು. ಬಟ್ಟೆಯ ಎಳೆ ಎಣಿಸಿ ಹಾಕುವ ಕೈ, ಕುಂಚ ಹಿಡಿದರೂ ತಪ್ಪುತ್ತಿರಲಿಲ್ಲ. ಅನ್ನಮ್ಮನಿಗೆ ಅವಳು ದಾಳಿಂಬೆ ಬಣ್ಣದ ಇಲಕಲ್ ಸೀರೆ ಉಡಿಸಿದಳು, ಕೆಂಪಿನ ಮೇಲೆ ಬಿಳಿ ತೆನೆ ಮೂಡಿದ ಟೋಪತೆನೆಯ ಸೆರಗು, ರವಿಕೆಯ ತುಂಬ ಕಸೂತಿಯ ಆನೆ, ನವಿಲು, ಗೋಪುರ. ಮುಂಗೈ ತುಂಬ ಹಸಿರು ಬಳೆ. ಪುಸ್ತಕದ ಜಾಗಕ್ಕೆ ಬಂದಾಗ ಅವಳು ಅಪ್ಪನನ್ನು ಕೇಳಲೂ ಇಲ್ಲ. ಅನ್ನಮ್ಮ ಎರಡೂ ಕೈಯಲ್ಲಿ ಸೆರಗು ಹಿಡಿದಿದ್ದಾಳೆ, ಅದರ ತುಂಬ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಉತ್ತತ್ತಿ, ಮಡಿಚಿಟ್ಟ ರವಿಕೆಯ ಖಣ. ಬಾಲಕಿ ಮರಿಯಳು ಹಿಮ್ಮಡಿ ಎತ್ತಿ ಆ ಉಡಿಯಿಂದ ಒಂದು ಉತ್ತತ್ತಿ ಎತ್ತಿಕೊಳ್ಳುತ್ತಿದ್ದಾಳೆ. ಆ ಮರಿಯಳಿಗಾಗಿ ನಾನು ಗಂಟೆಗಟ್ಟಲೆ ಹಿಮ್ಮಡಿ ಎತ್ತಿ ನಿಂತಿದ್ದೇನೆ, ಪ್ರತಿಫಲವಾಗಿ ಉತ್ತತ್ತಿಯನ್ನೂ ತಿಂದಿದ್ದೇನೆ. ನೆರೆಯ ಮರಾಠಿ ಮಾವಶಿ ಹಾಲಿಗೆ ಹೊರಟವಳು ಒಳಗೆ ಇಣುಕಿ ಬೆರಗಾದಳು.

"ಅಗಬಾಯಿ! ತುಮಚ್ಯಾ ಚರ್ಚಮಧ್ಯೇ ಪಣ ಓಟೀ ಭರತಾತ?"

ನಿಮ್ಮ ಚರ್ಚಿನಲ್ಲೂ ಉಡಿ ತುಂಬುತ್ತಾರೇನು ಎಂದು ಅವಳ ಪ್ರಶ್ನೆ. ಅವ್ವ ಕುಂಚ ಎತ್ತದೆ ಹೇಳಿದಳು:

"ನಾಹೀ ಭರತ. ಮ್ಹಣೂನಚ ಭರತೇ."

ತುಂಬುವುದಿಲ್ಲ, ಅದಕ್ಕೇ ತುಂಬುತ್ತಿದ್ದೇನೆ. ಅವ್ವನ ಮರಾಠಿ ಹರಕುಮುರುಕು, ಆದರೆ ಈ ಮಾತು ಮಾತ್ರ ನೆಟ್ಟಗೆ ಬಂತು. ಅನ್ನಮ್ಮನ ಕತೆ ಅವಳಿಗೆ ಬಾಯಿಪಾಠ. ಮಕ್ಕಳಿಲ್ಲವೆಂದು ಅನ್ನಮ್ಮ ಮತ್ತು ಅವಳ ಗಂಡನ ಕಾಣಿಕೆಯನ್ನು ಗುಡಿಯಲ್ಲಿ ಒಲ್ಲೆನೆಂದು ತಿರುಗಿಸಿ ಕಳಿಸಿದ್ದರಂತೆ. ಅವ್ವನ ಕೈಯಿಂದ ಕಸಿದ ಅಕ್ಕಿಯ ತಟ್ಟೆಗೂ ಅದಕ್ಕೂ ಏನು ಅಂತರ? ಆ ತಟ್ಟೆಯ ಅಕ್ಕಿಯನ್ನೇ ಅವಳು ಅನ್ನಮ್ಮನ ಉಡಿಗೆ ಸುರಿಯುತ್ತಿದ್ದಳು. ಎಲ್ಲರೂ ನೋಡುವ ಜಾಗದಲ್ಲಿ ಅದು ನಿಲ್ಲಬೇಕು ಎಂಬುದೊಂದೇ ಅವಳ ಹಟ.

ಒಂದು ಸಂಗತಿ ಮಾತ್ರ ಅವಳ ಲೆಕ್ಕದಲ್ಲಿ ಇರಲಿಲ್ಲ. ಅನ್ನಮ್ಮ ಮುದುಕಿ. ಅಪ್ಪನಿಗೆ ಕ್ಯಾಲೆಂಡರಿನ ಮುಖ ಬೇಡವಾದ ಮೇಲೆ ಎದುರಿಗೆ ಕಾಣುತ್ತಿದ್ದ ಮುದುಕಿ ಒಬ್ಬಳೇ. ಒಲೆಯ ಬದಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯನ್ನು ನೋಡಿ ನೋಡಿ ಅವನ ಕೈ ತಾನಾಗಿಯೇ ಬರೆದುಬಿಟ್ಟಿತು: ಅದೇ ಅಗಲ ಹಣೆ, ಅದೇ ಮೊಂಡ ಮೂಗು, ಗದ್ದದ ಮೇಲಿನ ಹಚ್ಚೆಯ ಚುಕ್ಕೆ ಕೂಡ. ಅವ್ವ ಸೀರೆ ಮುಗಿಸಿ ಹಿಂದೆ ಸರಿದು ನೋಡಿದಳು. ಬೋಳುಗೈಯ ಅತ್ತೆ ಹಸಿರು ಬಳೆ ತೊಟ್ಟು, ಉಡಿ ತುಂಬಿಸಿಕೊಂಡು ಅವಳ ಎದುರಿಗೆ ನಿಂತಿದ್ದಳು. ಅಜ್ಜಿಯೂ ಗೋಡೆ ಹಿಡಿದು ಎದ್ದು ಬಂದಳು. ಬಹಳ ಹೊತ್ತು ನೋಡಿದಳು. ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು, ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಅಪ್ಪ ತಪ್ಪಾಯಿತು, ಮುಖ ಬದಲು ಮಾಡುತ್ತೇನೆ ಎಂದು ಗೋಗರೆದ. ಮರುದಿನ ಬೆಳಿಗ್ಗೆ ಚಹಾದ ಬಸಿ ಕೆಳಗಿಟ್ಟು ಅಜ್ಜಿ ನನ್ನ ಕಡೆ ತಿರುಗಿದಳು.

"ಅನ್ನೀ, ನಿಮ್ಮವ್ವಗ ಹೇಳು. ಬಳಿ ಭಾಳ ಸಡ್ಲ ಬರದಾಳ. ನನ್ನ ಕೈಗೆ ಬಿಗಿ ಕೂಡತಿದ್ವು."

ಅವ್ವ ಹೋಗಿ ಬಳೆಗಳನ್ನು ಬಿಗಿ ಮಾಡಿದಳು.

ಚೌರಪ್ಪ ಕಾಕಾ ಚಿತ್ರ ನೋಡಲು ಬಂದದ್ದು ಅದೇ ವಾರ. ನೋಡಿದವರೇ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಇನ್ನಾಸಪ್ಪಾ, ಏನಪಾ ಇದು? ಈ ಊರಾಗ ನಮಗ ಒಂದು ದಿನ ಸಿಗಬೇಕಾದ್ರ ನಾ ಎಷ್ಟು ಮಂದಿ ಕಾಲು ಹಿಡದೀನಿ ಗೊತ್ತದ ಏನು? ಇದನ್ನ ನೋಡಿ ಅವ್ರು ನಗೂದುಲ್ಲೇನು? ಹಳ್ಯಾಗಿಂದು ಬಂದವ್ರು, ಇನ್ನೂ ದೇವಿ ಪೂಜಿ ಬಿಟ್ಟಿಲ್ಲ ಅನ್ನೂದುಲ್ಲೇನು? ಮ್ಯಾಲ ಮಾತೆ ಮರಿಯಮ್ಮ ಕಳವು ಮಾಡಲಿಕತ್ತಾಳ!"

ಅವ್ವ ಒಳಗಿನಿಂದಲೇ ಕೂಗಿದಳು. "ಹಡದವ್ವನ ಉಡ್ಯಾಗಿಂದು ತಗೊಂಡ್ರ ಕಳವು ಹೆಂಗಾಗತದ್ರಿ ಕಾಕಾ?"

"ತಂಗೀ, ಸಿಟ್ಟಿಗೇಳಬ್ಯಾಡ. ಈ ಉಡಿ, ಈ ಬಳಿ, ನಮ್ಮ ಹೆಣ್ಣಮಕ್ಕಳನ್ನ ಇವು ಕಮ್ಮಿ ಅಳಿಸ್ಯಾವೇನು? ಅದನ್ನೆಲ್ಲಾ ದಾಟಿ ಬಂದೀವಿ ಅಂತ ತಿಳದೀನಿ ನಾ. ಮತ್ತ ಅದನ್ನಽ ತಂದು ಸಂತಳ ಮೈಮ್ಯಾಲ ಹೇರತಿಯಲ್ಲ."

ಈಗ ಯೋಚಿಸಿದರೆ ಕಾಕಾನ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಹೊಳೆ ದಾಟಿ ಬಂದವರು ಅವರು ಮಾತ್ರ, ಹೆಂಗಸರು ಇನ್ನೂ ಆಚೆ ದಂಡೆಯಲ್ಲೇ ನಿಂತಿದ್ದರು. ಅವರ ಮನೆಯಲ್ಲೇ ಮಕ್ಕಳಿಲ್ಲದ ಸೊಸೆ ಒಬ್ಬಳಿದ್ದಳು, ಯಾರ ಮನೆಯ ಶುಭಕಾರ್ಯಕ್ಕೂ ಅವಳನ್ನು ಕರೆತರುತ್ತಿರಲಿಲ್ಲ. ಅಪ್ಪ ಹೆದರಿದ. ಕಾಕಾ ಕೆಲಸ ಕೊಡಿಸುವವರು, ಮನೆ ಕೊಡಿಸಿದವರು. ಉಡಿಯ ಮೇಲೆ ಬಿಳಿ ಬಳಿದು ಪುಸ್ತಕ ಬರೆಯುತ್ತೇನೆಂದು ಒಪ್ಪಿದ. ಕಾಕಾ ಹೊಸ್ತಿಲು ದಾಟುವಷ್ಟರಲ್ಲಿ ಅವ್ವ ಹೊರಗೆ ಬಂದಳು.

"ಬಳೀರಿ. ಬಳದ್ರ ಅದರ ಜೋಡಿ ನಂದೂ ಬಳದಂಗ ಅಂತ ತಿಳೀರಿ. ನಾ ಆ ಗುಡಿಗೆ ಬರೂದುಲ್ಲ, ನಿಮ್ಮ ಜೋಡಿ ಮಾತೂ ಆಡೂದುಲ್ಲ."

ಅಪ್ಪ ಕುಂಚ ಹಿಡಿದು ಬಿಳಿ ಬಣ್ಣದ ಡಬ್ಬಿ ಹುಡುಕಿದ. ಡಬ್ಬಿ ಸಿಗಲಿಲ್ಲ, ಯಾಕೆಂದರೆ ಅದರ ಮೇಲೆ ನಾನು ಕೂತಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಲಂಗ ಹರಡಿ, ಮುಚ್ಚಳದ ಮೇಲೆ ಭಾರ ಬಿಟ್ಟು ಕೂತಿದ್ದೆ, ಅಷ್ಟೇ.

"ಏಳು ಅನ್ನೀ."

"ಏಳೂದುಲ್ಲ."

"ಬಡೀತೀನಿ ನೋಡು."

"ಬಡೀ. ಬಡದ್ರೂ ಏಳೂದುಲ್ಲ."

ಅಪ್ಪ ಕೈ ಎತ್ತಿದ. ಒಲೆಯ ಮುಂದಿನಿಂದ ಅಜ್ಜಿಯ ದನಿ ಬಂತು. "ಇನ್ನಾಸಾ, ಆ ಕೂಸಿನ ಮೈಮುಟ್ಟಿ ನೋಡು ನೀ." ಅವ್ವ ಅಜ್ಜಿಯತ್ತ ನೋಡಿದಳು. ಮೂರು ತಲೆಮಾರಿನ ಹೆಂಗಸರು ಒಂದು ಕಡೆ, ಅಪ್ಪ ಒಬ್ಬನೇ ಒಂದು ಕಡೆ. ಅವನು ಕುಂಚವನ್ನು ನೆಲಕ್ಕೆ ಒಗೆದು ನಕ್ಕುಬಿಟ್ಟ. "ನೀವು ಮೂವರೂ ಕೂಡಿ ನನ್ನ ಹೆಣಾ ತಗೀತೀರಿ" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಆ ಹಲಗೆಗೆ ಬಿಳಿ ಬಣ್ಣ ಮುಟ್ಟಲಿಲ್ಲ. ನನ್ನ ಬದುಕಿನ ಮೊದಲ ಗೆಲುವು ಅದು, ಕೂತಲ್ಲೇ ಗೆದ್ದದ್ದು.

ಕಾಕಾ ಬುದ್ಧಿವಂತರು. ನಮ್ಮ ದಿನ ಮಧ್ಯಾಹ್ನ ಚಿತ್ರವನ್ನು ಟೆಂಪೋದಲ್ಲಿ ತಂದು ಪೀಠದ ಪಕ್ಕ ನಿಲ್ಲಿಸಿದಾಗ ಅವರು ಒಂದು ಮಾತೂ ಆಡಲಿಲ್ಲ. ಪೂಜೆಯ ಹೊತ್ತಿಗೆ ನಾವು ಒಳಗೆ ಹೋದರೆ ಅನ್ನಮ್ಮನ ಕೊರಳಿಗೆ ಚೆಂಡುಹೂವಿನ ಹಾರ. ಹಾರವೆಂದರೆ ಅಂಥಿಂಥ ಹಾರವಲ್ಲ, ಹಗ್ಗದಂಥ ದಪ್ಪ ಹಾರಗಳನ್ನು ಒಂದರ ಮೇಲೊಂದು ಇಳಿಬಿಟ್ಟಿದ್ದರು. ಬಳೆ ಇಲ್ಲ, ಉಡಿ ಇಲ್ಲ, ಮರಿಯಳ ಕೈ ಇಲ್ಲ. ಮುಖ, ಹೂವು, ಕೆಳಗೆ ಎರಡು ಪಾದ. ನಮ್ಮವರು ಎಂದಿನಂತೆ ಬಾಗಿಲ ಹತ್ತಿರ ಕೂತಿದ್ದರು. ಅವ್ವನ ಕೈಯಲ್ಲಿ ಕಾಣಿಕೆಯ ತಟ್ಟೆ ಇತ್ತು. ಅಕ್ಕಿ, ಕಾಯಿ, ಅರಿಷಿಣ, ಉತ್ತತ್ತಿ, ಒಂದು ಖಣ. ಕಾಣಿಕೆ ಒಯ್ಯುವ ಹೊತ್ತು ಬಂದಾಗ ಬೇರೆ ಹೆಂಗಸರು ಹಣ್ಣು, ಮೇಣದಬತ್ತಿ ಇಟ್ಟು ತಿರುಗಿದರು. ಅವ್ವ ತಿರುಗಲಿಲ್ಲ. ತಟ್ಟೆಯನ್ನು ಕೆಳಗಿಟ್ಟು, ಹಾರಗಳನ್ನು ಒಂದೊಂದಾಗಿ ಎತ್ತಿ ಅನ್ನಮ್ಮನ ಪಾದದ ಹತ್ತಿರ ಇಟ್ಟಳು. ಉಡಿ ಕಂಡಿತು. ಆಮೇಲೆ ನಮ್ಮ ಕಡೆ ತಿರುಗಿ ಎರಡೂ ಕೈಯಲ್ಲಿ ತನ್ನ ಸೆರಗನ್ನು ಹಿಡಿದು ಒಡ್ಡಿದಳು.

ಯಾರೂ ಅಲುಗಲಿಲ್ಲ. ತನ್ನ ಉಡಿಯನ್ನು ತಾನೇ ತುಂಬಿಕೊಳ್ಳಲು ಬರುವುದಿಲ್ಲ, ಇನ್ನೊಬ್ಬರು ಬರಲೇಬೇಕು. ನಮ್ಮ ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಕಾಕಾನ ಮುಖ ನೋಡಿದರು. ಕನ್ನಡ ಬಾರದ ಫಾದರ್ ಇದೂ ಕಾರ್ಯಕ್ರಮದ ಒಂದು ಭಾಗವೆಂದು ತಿಳಿದು ನಗುಮುಖದಿಂದ ಕಾಯುತ್ತಿದ್ದರು. ಅವ್ವ ಅಷ್ಟು ವರ್ಷ ಬಿಗಿದು ಕಟ್ಟಿದ ಸೆರಗನ್ನು ಊರಮುಂದೆ ಬಿಚ್ಚಿ ಒಡ್ಡಿದ್ದಾಳೆ, ಬರಿ ಉಡಿಯಲ್ಲೇ ತಿರುಗಿ ಬಂದರೆ ಏನು ಗತಿ? ನನಗೆ ಅಳು ಬಂತು. ಆಗ ನನ್ನ ಪಕ್ಕದಿಂದ ಅಜ್ಜಿ ನನ್ನ ಹೆಗಲು ಹಿಡಿದು ಎದ್ದಳು. ಆ ಉದ್ದ ಹಾದಿಯನ್ನು ಒಬ್ಬಳೇ ನಡೆದಳು. ಇಡೀ ಚರ್ಚಿಗೆ ಕಾಣುತ್ತಿತ್ತು, ಚಿತ್ರದಲ್ಲೂ ಅವಳೇ, ಚಿತ್ರದ ಮುಂದೆಯೂ ಅವಳೇ. ಒಬ್ಬಳ ಕೈಗೆ ಬಳೆ, ಇನ್ನೊಬ್ಬಳದು ಬೋಳು.

"ಯಾರ ಹಾದಿ ನೋಡಲಿಕತ್ತಿ ಲೂರ್ದವ್ವಾ?"

ಅಷ್ಟು ವರ್ಷಗಳ ಮೇಲೆ ನೇರವಾಗಿ ಆಡಿದ ಮೊದಲ ಮಾತು.

"ನಿಮ್ಮದಽ ಅತ್ತೀ."

"ನಾ ಗಂಡ ಸತ್ತಾಕಿ. ನನ್ನ ಕೈಲೆ ತುಂಬಿಸ್ಕೋಬಾರದು."

"ನಾ ಬಂಜಿ ಇದ್ದೆ. ನನಗ ತುಂಬಬಾರದಿತ್ತು. ಇಬ್ಬರೂ ಒಂದಽ ಅಡಗಿಮನ್ಯಾಗ ಕೂತವ್ರು. ತುಂಬ್ರಿ."

ಅಜ್ಜಿ ಬಗ್ಗಿ ಬೊಗಸೆ ತುಂಬ ಅಕ್ಕಿ ತೆಗೆದಳು. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು, ಅರ್ಧ ಉಡಿಗೆ ಬಿತ್ತು. ಕಾಯಿ ಇಟ್ಟಳು, ಖಣ ಇಟ್ಟಳು. ಅವ್ವ ಅಳುತ್ತಿದ್ದಳು, ಅಜ್ಜಿ ಅವಳನ್ನು ಬೈಯುತ್ತ ತಾನೂ ಅಳುತ್ತಿದ್ದಳು. "ನೆಟ್ಟಗ ಹಿಡೀ ಸೆರಗ, ಅಕ್ಕಿ ಚೆಲ್ಲತಾವ." ಅಷ್ಟರಲ್ಲಿ ಬಾಗಿಲ ಹತ್ತಿರದ ಗುಂಪಿನಿಂದ ಇನ್ನೊಬ್ಬಳು ಎದ್ದಳು. ಚೌರಪ್ಪ ಕಾಕಾನ ಸೊಸೆ. ಮಾವನ ಎದುರಿಗೆ ಎಂದೂ ತಲೆ ಎತ್ತದವಳು ನಡೆದು ಹೋಗಿ ಅವ್ವನ ಹಿಂದೆ ನಿಂತು ಸೆರಗು ಒಡ್ಡಿದಳು. ಅಜ್ಜಿ ಒಂದು ಕ್ಷಣವೂ ತಡೆಯಲಿಲ್ಲ, ತಟ್ಟೆಯಲ್ಲಿ ಉಳಿದ ಅಕ್ಕಿಯನ್ನೆಲ್ಲ ಬಳಿದು ಅವಳಿಗೆ ಹಾಕಿದಳು. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ವಾರದಿಂದ ನಾವು ಮನೆಯವರು ಬಾಗಿಲ ಹತ್ತಿರ ಕೂರುವುದನ್ನು ಬಿಟ್ಟೆವು.

ಅದರಿಂದ ಜಗತ್ತೇನೂ ಬದಲಾಗಲಿಲ್ಲ. ಆ ಚಿತ್ರ ಮರಳಿ ಚರ್ಚಿಗೆ ಹೋಗಲಿಲ್ಲ, ಮುಂದಿನ ವರ್ಷ ಕ್ಯಾಲೆಂಡರಿನ ಅನ್ನಮ್ಮನೇ ಬಂದಳು. ಅವ್ವ ಮತ್ತು ಅಜ್ಜಿ ನೇರವಾಗಿ ಮಾತಾಡತೊಡಗಿದರು, ಅಂದರೆ ನೇರವಾಗಿ ಜಗಳಾಡತೊಡಗಿದರು. ಅಪ್ಪ ತೀರಿಕೊಂಡಾಗ ಬಳೆ ಒಡೆಯಲು ಬಂದ ಹೆಂಗಸರಿಗೆ ಅವ್ವ ಕೈ ಕೊಡಲಿಲ್ಲ. ಕೊನೆಯವರೆಗೂ ಹಸಿರು ಬಳೆ ತೊಟ್ಟೇ ಇದ್ದಳು, ತೊಟ್ಟುಕೊಂಡೇ ಮಣ್ಣಿಗೆ ಹೋದಳು. ಆ ಹಲಗೆ ಈಗ ನನ್ನ ಕೋಥರೂಡದ ಮನೆಯಲ್ಲಿದೆ, ಬಣ್ಣ ಬಿರಿದಿದೆ, ಉಡಿ ಮಾತ್ರ ತುಂಬಿಯೇ ಇದೆ.

ಮೊನ್ನೆ ಕನ್ನಡದವರ ಕಮಿಟಿಯ ಹುಡುಗ ಬಂದಿದ್ದ. ಬೆಂಗಳೂರಿನ ಕಡೆಯವನು, ಒಳ್ಳೆಯ ಹುಡುಗ. ಹಬ್ಬಕ್ಕೆ ನನ್ನ ಕೈಯಿಂದ ಅನ್ನಮ್ಮನ ಹೊಸ ಚಿತ್ರ ಬರೆಸುತ್ತಿದ್ದಾರೆ. ಈಸೆಲ್ ಮೇಲಿದ್ದುದನ್ನು ನೋಡಿ ಫೋನು ತೆಗೆದು ಫೋಟೋ ಹೊಡೆಯಲು ಹೋದವನು ನಿಲ್ಲಿಸಿದ.

"ಆಂಟಿ, ಸೂಪರ್ ಆಗಿದೆ. ಆದ್ರೆ ಈ ಉಡಿ, ಬಳೆ ಎಲ್ಲಾ... ವಾಟ್ಸಾಪ್‌ನಲ್ಲಿ ಹಾಕಿದ್ರೆ ಎರಡೂ ಕಡೆಯವರು ಗಲಾಟೆ ಮಾಡ್ತಾರೆ. ನಮ್ಮವರು ಇದು ನಮ್ದಲ್ಲ ಅಂತಾರೆ, ಅವರು ಇದು ನಮ್ದು ಅಂತಾರೆ. ಸ್ವಲ್ಪ ಅಡ್ಜಸ್ಟ್ ಮಾಡ್ಬಹುದಾ? ಮುಖ ಮಾತ್ರ ಹೀಗೇ ಇರಲಿ, ಎಷ್ಟು ಜೀವ ಇದೆ. ಯಾರದು ಇದು?"

ಈ ಸಲ ಮುಖ ಅವ್ವನದು. ಬಳೆ ಬಿಗಿಯಾಗಿಯೇ ಕೂಡಿಸಿದ್ದೇನೆ. ಅವನಿಗೆ ಚಹಾ ಕೊಟ್ಟೆ, ಬಿಸ್ಕೀಟು ಕೊಟ್ಟೆ, ಬಾಗಿಲವರೆಗೆ ಹೋಗಿ ಕಳಿಸಿದೆ. ಲಿಫ್ಟಿನ ಮುಂದೆ ನಿಂತು ಅವನು ಮತ್ತೆ ಕೇಳಿದ, ಏನು ಮಾಡೋಣ ಆಂಟಿ ಎಂದು.

"ಚಿತ್ರಾ ಹಿಂಗಽ ಬರತದಪಾ. ನೀವು ಹಾರ ತರೂದಿದ್ರ ಸಣ್ಣದು ತರ್ರಿ."